ಚಾಡಿಯೋ, ಸಾಕ್ಷಿಯೋ?

ಮಾಡದ ಟೆಸ್ಟಿಂಗಿಗೆ ಟೈಮ್‌ಶೀಟ್ ತುಂಬಿಸಿ ಕ್ಲೈಂಟಿಗೆ ಬಿಲ್ ಕಳಿಸುತ್ತಿದ್ದುದನ್ನು ನನ್ನ ಟೀಮಿನ ಹುಡುಗನೊಬ್ಬ ಮೇಲಿನವರಿಗೆ ತಿಳಿಸಿದ. ಮರುದಿನದಿಂದ ಚೆನ್ನೈನ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಅವನಿಗೆ ಎರಡು ಹೆಸರು: 'ಸ್ನಿಚ್', 'ಎಟ್ಟಪ್ಪನ್'.

ಸ್ನಿಚ್ ಎಂಬುದು 18ನೇ ಶತಮಾನದ ಇಂಗ್ಲಿಷ್ ಕಳ್ಳರ ಆಡುಮಾತು. ಜೊತೆಗಾರರನ್ನು ಹಿಡಿದುಕೊಟ್ಟವನಿಗೆ ಕಳ್ಳರೇ ಹಾಕಿದ ಬೈಗುಳ. ಎಟ್ಟಪ್ಪನ್ ತಮಿಳರದ್ದು: 1799ರಲ್ಲಿ ಕಟ್ಟಬೊಮ್ಮನ್ ವಿರುದ್ಧ ಬ್ರಿಟಿಷರ ಪಕ್ಷ ಸೇರಿದ ಎಟ್ಟಯಪುರದ ಪಾಳೆಯಗಾರ. ಆದರೆ ಕಟ್ಟಬೊಮ್ಮನ್‌ನನ್ನು ಹಿಡಿದು ಒಪ್ಪಿಸಿದ್ದು ಪುದುಕ್ಕೋಟ್ಟೈನ ತೊಂಡೈಮಾನ್, ಗಲ್ಲಿಗೇರಿಸಿದ್ದು ಬ್ರಿಟಿಷರು. ಬೈಗುಳ ಉಳಿದದ್ದು ಮಾತ್ರ ಎಟ್ಟಪ್ಪನ ಹೆಸರಿಗೆ. ಬೈಗುಳಕ್ಕೆ ಲೆಕ್ಕ ಗೊತ್ತಿಲ್ಲ, ಒಬ್ಬ ಸಿಕ್ಕರೆ ಸಾಕು.

ದುರ್ಬಲನನ್ನು ಬಲಿಷ್ಠನ ಕೈಗೆ ಒಪ್ಪಿಸುವುದು ಒಂದು. ಬಲಿಷ್ಠನ ಮೋಸವನ್ನು ಬಯಲು ಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ಬೈಗುಳ ಸಾಕು ಎಂದರೆ ಲಾಭ ಯಾರಿಗೆ? ನಮ್ಮ ಕನ್ನಡದಲ್ಲೂ 'ಚಾಡಿಕೋರ' ಥಟ್ಟನೆ ನಾಲಿಗೆಗೆ ಬರುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿದವನಿಗೆ ಅಷ್ಟು ಸಲೀಸಾದ ಪದವಿಲ್ಲ. ಚಾಡಿ ಹೇಳುವವನು ಯಾರದೋ ಮೆಚ್ಚುಗೆಗೆ ಹೇಳುತ್ತಾನೆ. ಈ ಹುಡುಗನಿಗೆ ಸಿಕ್ಕಿದ್ದು ಒಂಟಿ ಊಟ.

ಒಂದು ವಿಷಯ ಹೇಳಲು ಬಾಕಿ ಇದೆ. ಅವನು ಮೊದಲು ಬಂದದ್ದು ನನ್ನ ಬಳಿಗೆ. "ರಿಲೀಸ್ ಮುಗೀಲಿ, ಆಮೇಲೆ ನೋಡೋಣ" ಅಂದಿದ್ದೆ. ಮೇಜಿನಲ್ಲಿ ಎಲ್ಲರೂ ನಕ್ಕಾಗ ನಾನು ತಲೆ ತಗ್ಗಿಸಿ ಮೊಸರನ್ನ ಕಲಸುತ್ತಿದ್ದೆ. ಅವನಿಗೆ ಅಂಟಿದ ಆ ಬೈಗುಳ ಅಷ್ಟು ದಿನವೂ ಕಾಪಾಡುತ್ತಿದ್ದುದು ನನ್ನನ್ನೇ.