ನೆರೆಯೂ ನೆರೆಯವರೂ

ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ದಡ ಮೀರಿ ಬರುವ ಪ್ರವಾಹವೂ ನೆರೆ. ಪಕ್ಕದ ಮನೆ, ಪಕ್ಕದ ಊರೂ ನೆರೆ. ಶಬ್ದಶಾಸ್ತ್ರಜ್ಞರು ಇವುಗಳ ಮೂಲವನ್ನು ಹೇಗೆ ಹೇಳಿದರೂ ಸರಿಯೆ, ಲೋಕವ್ಯವಹಾರದಲ್ಲಿ ಮೊದಲನೆಯ ನೆರೆ ಬಂದಾಗಲೇ ಎರಡನೆಯ ನೆರೆಯ ಪರೀಕ್ಷೆಯಾಗುವುದು. ಆ ಪರೀಕ್ಷೆಯಲ್ಲಿ ಏಳುವ ಪ್ರಶ್ನೆಯೊಂದುಂಟು. ಪ್ರವಾಹದಲ್ಲಿ ಮನೆಮಾರು ಕಳೆದುಕೊಂಡವನಿಗೆ ಉಳಿದವರು ಕೊಡುವುದು ದಾನವೋ, ಋಣವೋ? ದಾನವಾದರೆ ಕೊಡುವುದೂ ಬಿಡುವುದೂ ಕೊಡುವವನ ಇಚ್ಛೆ, ಕೊಟ್ಟರೆ ಪುಣ್ಯ. ಋಣವಾದರೆ ಕೊಟ್ಟುದರಿಂದ ಪುಣ್ಯವಿಲ್ಲ, ಕೊಡದಿದ್ದರೆ ದೋಷವುಂಟು.

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಂತಹ ಊರಿಗೆ ಈ ವಿಚಾರ ದೂರದ್ದೆಂದು ತೋರಬಹುದು. ಅದು ರಾಗಿ ಹುರುಳಿಗಳ ಬೆದ್ದಲು ಸೀಮೆ. ಅಲ್ಲಿಯವರು ಆಕಾಶವನ್ನು ನೋಡುವುದು ಬಹುಮಟ್ಟಿಗೆ ಮಳೆ ಬಾರದಿರುವಾಗ. ಆದರೆ ನೀರು ಕಡಮೆಯಿರುವ ಸೀಮೆಯಲ್ಲಿಯೇ ಪೂರ್ವಿಕರು ಕೆರೆಗಳನ್ನು ಹೆಚ್ಚಾಗಿ ಕಟ್ಟಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುವುದು. ಅದು ತುಂಬಿದರೆ ಅದರ ಕೆಳಗಿನದನ್ನು. ಹೀಗೆ ಒಂದೊಂದು ಊರೂ ಮತ್ತೊಂದರ ನೆರೆ. ಮೇಲಿನ ಊರಿನವರು ಕೋಡಿಯ ಹಳ್ಳವನ್ನು ಒತ್ತಿಕೊಂಡು ತೋಟ ಮಾಡಿದರೆ, ಏರಿಯಲ್ಲಿ ಹೆಗ್ಗಣ ತೋಡಿದ ಬಿಲವನ್ನು ಮುಚ್ಚದೆ ಬಿಟ್ಟರೆ, ಹತ್ತು ವರ್ಷ ಏನೂ ಆಗದಿರಬಹುದು. ಹನ್ನೊಂದನೆಯ ವರ್ಷ ಒಂದು ರಾತ್ರಿ ಜಡಿಮಳೆ ಹಿಡಿದು ಏರಿ ಒಡೆಯಿತೆಂದರೆ, ಅಷ್ಟು ನೀರೂ ಒಮ್ಮೆಲೇ ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯುವುದು. ೨೦೨೨ರ ಮಳೆಗಾಲದಲ್ಲಿ ಮಂಡ್ಯ ಜಿಲ್ಲೆಯಲ್ಲಿ ಕೆರೆಗಳು ಒಡೆದು ಗದ್ದೆಗಳೂ ರಸ್ತೆಗಳೂ ಹಾಳಾದುದನ್ನು ಜನರು ಮರೆತಿರಲಾರರು.

ಹಳ್ಳಿಯ ಕೆರೆಗೆ ಹೇಳಿದ ಮಾತೇ ಮಹಾನದಿಗೂ ಸಲ್ಲುವುದು. ೧೯೨೪ರ ಫೆಬ್ರವರಿಯಲ್ಲಿ ಮೈಸೂರು ಮದರಾಸು ಸರ್ಕಾರಗಳು ಕಾವೇರಿಯ ನೀರನ್ನು ಕುರಿತು ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಜುಲೈ ತಿಂಗಳಿನಲ್ಲಿ ಯಾರಿಗೂ ಬೇಡವಾಗುವಷ್ಟು ನೀರು ಬಂದಿತು. ಮಲೆಯಾಳ ದೇಶದಲ್ಲಿ ಕೊಲ್ಲಂ ಶಕ ೧೦೯೯ರ ಪ್ರವಾಹವೆಂದು ಇಂದಿಗೂ ಹೇಳುವ ಆ ಮಹಾವೃಷ್ಟಿಯೇ ಕಾವೇರಿಯನ್ನೂ ಉಕ್ಕಿಸಿ ತಂಜಾವೂರು ಸೀಮೆಯವರೆಗೆ ಹಾನಿ ಮಾಡಿತು. ಕೊರತೆಯನ್ನು ಹಂಚಿಕೊಳ್ಳುವುದಕ್ಕೆ ಕಾಗದಪತ್ರಗಳಿದ್ದುವು. ವಿಪತ್ತನ್ನು ಹಂಚಿಕೊಳ್ಳುವುದಕ್ಕೆ ಯಾವ ಪತ್ರವೂ ಇರಲಿಲ್ಲ.

೧೯೧೧ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆ ಆಗ ಇನ್ನೂ ಪೂರ್ಣವಾಗಿರಲಿಲ್ಲ. ಈಗ ಅದರ ಪೂರ್ಣಮಟ್ಟ ೧೨೪.೮೦ ಅಡಿ, ತುಂಬಿದಾಗ ನಿಲ್ಲುವ ನೀರು ಸುಮಾರು ೪೯ ಟಿ.ಎಂ.ಸಿ. ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳು, ಮಂಡ್ಯದ ಕಬ್ಬು, ನಗರಗಳ ಕುಡಿಯುವ ನೀರು, ಎಲ್ಲವೂ ಆ ಕಟ್ಟೆಯ ಪ್ರಸಾದ. ಆದರೆ ಕಟ್ಟೆ ತುಂಬಿದ ಮೇಲೂ ಕೊಡಗಿನಲ್ಲಿ ಮಳೆ ನಿಲ್ಲದಿದ್ದರೆ, ಕಟ್ಟೆಯ ರಕ್ಷಣೆಗಾಗಿ ನೀರನ್ನು ಬಿಡಲೇಬೇಕು. ೨೦೧೯ರ ಆಗಸ್ಟಿನಲ್ಲಿ ಹಾಗೆ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ಕನ್ನು ಮೀರಿತು. ಶ್ರೀರಂಗಪಟ್ಟಣದ ಬಳಿ ನದೀತೀರದ ಗದ್ದೆಗಳು ಮುಳುಗಿದುವು. ಇದರಲ್ಲಿ ನೀರು ಬಿಟ್ಟವರ ತಪ್ಪೇನೂ ಇಲ್ಲದಿರಬಹುದು. ಆದರೂ ಕಟ್ಟೆಯ ಲಾಭ ಲಕ್ಷಾಂತರ ಜನರದು, ಕಟ್ಟೆಯನ್ನು ಉಳಿಸುವುದಕ್ಕೆ ತೆತ್ತ ಬೆಲೆ ತೀರದ ಕೆಲವು ಮನೆಗಳದು. ಒಬ್ಬನ ಸುಖಕ್ಕಾಗಿ ಮತ್ತೊಬ್ಬನು ನಷ್ಟವನ್ನು ಹೊತ್ತಲ್ಲಿ ಋಣವು ಹುಟ್ಟದೆ ಇನ್ನೇನು ಹುಟ್ಟೀತು?

ಮಳೆ ದೈವಾಧೀನ, ಅದಕ್ಕೆ ಮನುಷ್ಯನನ್ನು ಹೊಣೆ ಮಾಡುವುದು ಹೇಗೆಂದು ಕೆಲವರು ಕೇಳುವರು. ಮಳೆ ದೈವಾಧೀನವೆಂಬುದು ನಿಜ. ಆದರೆ ಆ ನೀರು ಯಾರ ಮನೆಯನ್ನು ಹೊಗಬೇಕೆಂಬುದನ್ನು ಬಹುಮಟ್ಟಿಗೆ ಮನುಷ್ಯರೇ ಗೊತ್ತುಮಾಡಿರುತ್ತಾರೆ. ಊರಿನ ಎತ್ತರದ ನೆಲ ಉಳ್ಳವರದು. ಹಳ್ಳದ ಬದಿ ಇಲ್ಲದವರದು. ತಗ್ಗಿನಲ್ಲಿ ಏಕೆ ಮನೆ ಕಟ್ಟಿದನೆಂದು ಬಡವನನ್ನು ಕೇಳುವವರು, ಬೇರೆ ನೆಲ ಅವನಿಗೆ ಸಿಕ್ಕುತ್ತಿತ್ತೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ದೈವದ ನೆವ ಹೇಳಿ ಸುಮ್ಮನಿರಲಿಲ್ಲ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬಹುದು. ಬೆಂಕಿ ಪ್ರವಾಹಗಳಲ್ಲಿ ಯಾವುದು ಘೋರತರವೆಂಬ ಚರ್ಚೆ ಅಲ್ಲಿ ಬರುತ್ತದೆ. ಪೂರ್ವಾಚಾರ್ಯರು ಬೆಂಕಿಯೆಂದರೆ, ಕೌಟಿಲ್ಯನು ಬೆಂಕಿ ಒಂದು ಗ್ರಾಮವನ್ನೋ ಅದರ ಅರ್ಧವನ್ನೋ ಸುಡುವುದು, ಪ್ರವಾಹವಾದರೋ ನೂರಾರು ಗ್ರಾಮಗಳನ್ನು ಕೊಚ್ಚುವುದೆಂದು ನಿರ್ಣಯಿಸುತ್ತಾನೆ. ಮಳೆಗಾಲದಲ್ಲಿ ನದೀತೀರದವರು ಎತ್ತರಕ್ಕೆ ಹೋಗಿರಬೇಕು, ದೋಣಿ, ಬಿದಿರು, ಮರದ ದಿಮ್ಮಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು ಎಂದೂ ವಿಧಿಸುತ್ತಾನೆ. ಎಲ್ಲಕ್ಕಿಂತ ಗಮನಾರ್ಹವಾದುದು ಇದು: ಕೊಚ್ಚಿ ಹೋಗುತ್ತಿರುವವನನ್ನು ಎತ್ತಲು ಹೋಗದವನಿಗೆ ಹನ್ನೆರಡು ಪಣ ದಂಡ, ದೋಣಿಯಿಲ್ಲದವನಿಗೆ ಮಾತ್ರ ವಿನಾಯಿತಿ. ದಾನ ಮಾಡದವನಿಗೆ ಯಾರೂ ದಂಡ ಹಾಕುವುದಿಲ್ಲ. ದಂಡವಿರುವಲ್ಲಿ ಕರ್ತವ್ಯವಿದೆಯೆಂದೇ ಅರ್ಥ. ದೋಣಿಯುಳ್ಳವನ ದೋಣಿಯೇ ಅವನ ಹೊಣೆ.

ಈಗ ಲೆಕ್ಕವನ್ನು ನೋಡಬೇಕು. ೨೦೧೯ರ ಪ್ರವಾಹದಲ್ಲಿ ಕರ್ನಾಟಕದ ೨೨ ಜಿಲ್ಲೆಗಳ ೧೦೩ ತಾಲ್ಲೂಕುಗಳು ಪೀಡಿತವಾದುವು. ರಾಜ್ಯಸರ್ಕಾರವು ಅಂದಾಜು ಮಾಡಿದ ನಷ್ಟ ೩೫,೦೦೦ ಕೋಟಿ ರೂಪಾಯಿಗಳಿಗೂ ಮಿಕ್ಕದ್ದು. ಅಕ್ಟೋಬರಿನಲ್ಲಿ ಕೇಂದ್ರಸರ್ಕಾರ ಮೊದಲು ಬಿಡುಗಡೆ ಮಾಡಿದ್ದು ೧,೨೦೦ ಕೋಟಿ. ಇವು ಕಾಗದಕ್ಕೆ ಬಂದ ಅಂಕಿಗಳು. ಕಾಗದಕ್ಕೆ ಬಾರದವು ಬೇರೆ. ವಾರಕ್ಕೆ ಉಳುವವನು ಬೀಜ ಗೊಬ್ಬರಗಳಿಗೆ ಸಾಲ ಮಾಡಿರುತ್ತಾನೆ. ಪಹಣಿಯಲ್ಲಿ ಹೆಸರು ನೆಲದ ಒಡೆಯನದು, ಪರಿಹಾರವೂ ಒಡೆಯನಿಗೇ ಹೋಗುತ್ತದೆ. ಮೇಲ್ಮಣ್ಣು ಕೊಚ್ಚಿ ಮರಳು ಕೂತ ಗದ್ದೆ ಒಂದು ಬೆಳೆಯನ್ನಲ್ಲ, ಹಲವು ಬೆಳೆಗಳನ್ನು ಕಳೆದುಕೊಳ್ಳುವುದು. ಕರೆಯುವ ಹಸು ಹೋದ ಮನೆಯಲ್ಲಿ ದಿನದ ವರಮಾನವೇ ನಿಲ್ಲುವುದು. ಹುಡುಗಿ ಶಾಲೆ ಬಿಟ್ಟು ಕೂಲಿಗೆ ಹೋಗುವಳು. ನೀರು ಮೂರು ದಿನಕ್ಕೆ ಇಳಿಯುವುದು, ಸಾಲ ಮೂರು ವರ್ಷಕ್ಕೂ ಇಳಿಯದು. ಗಂಜಿಕೇಂದ್ರದ ಅನ್ನ, ಹಳೆಯ ಬಟ್ಟೆ, ಇವುಗಳಿಂದ ಈ ಋಣ ತೀರಿತೆಂದು ಭಾವಿಸುವುದು ಆತ್ಮವಂಚನೆ.

ಕೊಡುವವನ ಕರುಣೆಯನ್ನು ಇಲ್ಲಿ ಹಗುರ ಮಾಡುತ್ತಿಲ್ಲ. ಕರುಣೆ ಬೇಕು, ಆದರೆ ಕರುಣೆ ಎಚ್ಚರಗೊಳ್ಳುವುದು ಕಂಡ ದುಃಖಕ್ಕೆ, ಋಣವಾದರೋ ಕಾಣದವರಿಗೂ ಉಂಟು. ಬೇಸಗೆಯಲ್ಲಿ ಕೋಡಿಯ ಹೂಳೆತ್ತುವವನು ಮುಳುಗುವವರ ಮುಖವನ್ನು ನೋಡಿಲ್ಲ. ನೋಡಬೇಕಾಗಿ ಬಾರದಿರಲೆಂದೇ ಅವನ ಕೆಲಸ. ಅವನಿಗೆ ಯಾರೂ ಹಾರ ಹಾಕುವುದಿಲ್ಲ, ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ. ಸರ್ಕಾರದ ಕರ್ತವ್ಯವೂ ಹಾಗೆಯೇ: ನೀರು ಬಿಡುವ ಮುನ್ನ ಕೆಳಗಿನವರಿಗೆ ಸಾಕಷ್ಟು ಮೊದಲೇ ತಿಳಿಸುವುದು, ಉಳುವವನ ಹೆಸರನ್ನು ಲೆಕ್ಕಕ್ಕೆ ತರುವುದು, ಹಳ್ಳದ ಒತ್ತುವರಿಯನ್ನು ಒಡೆಯನು ಯಾರೆಂದು ನೋಡದೆ ತೆಗೆಸುವುದು.

ಬಿಂಡಿಗನವಿಲೆ ಗರುಡನ ಸನ್ನಿಧಿಯಿಂದ ಹೆಸರಾದ ಊರು. ಗರುಡನು ಅಮೃತವನ್ನು ತಂದದ್ದು ತಾನು ಕುಡಿಯುವುದಕ್ಕಲ್ಲ, ತಾಯಿಯ ದಾಸ್ಯವನ್ನು ಬಿಡಿಸುವುದಕ್ಕೆ. ಅದನ್ನು ಪುರಾಣವು ದಾನವೆಂದು ಹೊಗಳಲಿಲ್ಲ. ಮಗನು ತೀರಿಸಬೇಕಾದುದನ್ನು ತೀರಿಸಿದನು. ಆ ದೇವರ ಮುಂದೆ ಕೈಮುಗಿಯುವವರು ತಮ್ಮ ಕೆರೆಯ ಕೋಡಿಯ ಕಡೆಗೂ ಒಮ್ಮೆ ನೋಡಿ ಬರುವುದು ಯುಕ್ತ. ಕೋಡಿಯ ಆಚೆಗೂ ಊರಿದೆ.