ಬುದ್ಧಿ ಯಾರ ಸೊತ್ತು?

ಜಾಲಹಳ್ಳಿ ಕ್ರಾಸ್ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ಚೂಟಿ ಮಕ್ಕಳ ತಂದೆತಾಯಿಯರಿಂದ ಎರಡು ಮಾತು ಪದೇ ಪದೇ ಕೇಳಿದ್ದೇನೆ. ತಾಯಂದಿರು ಹೆಚ್ಚಾಗಿ, "ಎಲ್ಲಾ ಆ ಗಂಗಮ್ಮ ಕೊಟ್ಟಿದ್ದು ಮಿಸ್" ಅನ್ನುತ್ತಾರೆ. ತಂದೆಯರದು, "ಹಿಂದಿನ ಜನ್ಮದಲ್ಲಿ ಏನೋ ಪುಣ್ಯ ಮಾಡಿರಬೇಕು ಬಿಡಿ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರೂ ಉಂಟು. ಆದರೆ ಇವು ಒಂದಕ್ಕೊಂದು ಹೊಂದುವ ಮಾತುಗಳಲ್ಲ. ಪುಣ್ಯದ ಫಲವಾದರೆ ಬುದ್ಧಿ ಆ ಹುಡುಗನ ಸ್ವಂತ ಸಂಪಾದನೆ, ಬ್ಯಾಂಕಿನ ಠೇವಣಿಯಂತೆ ಅವನ ಹೆಸರಿನಲ್ಲೇ ಇರತಕ್ಕದ್ದು. ದೇವಿ ಕೊಟ್ಟದ್ದಾದರೆ ಅದು ಪ್ರಸಾದ. ಪ್ರಸಾದವನ್ನು ಒಬ್ಬನೇ ತಿಂದು ಕೈ ಒರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ತಂದೆಯರ ಮಾತಿಗೆ ಗೀತೆಯ ಬೆಂಬಲವಿದೆ. ಯೋಗದ ದಾರಿಯಲ್ಲಿ ನಡುವೆ ಜಾರಿದವನ ಗತಿಯೇನು ಎಂದು ಆರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ. ಅಂಥವನು ಶುಚಿಯಾದ ಸಿರಿವಂತರ ಮನೆಯಲ್ಲೋ ಯೋಗಿಗಳ ಕುಲದಲ್ಲೋ ಹುಟ್ಟಿ, ಹಿಂದಿನ ದೇಹದಲ್ಲಿದ್ದ ಬುದ್ಧಿಯನ್ನು ಮರಳಿ ಪಡೆಯುತ್ತಾನೆ ಎನ್ನುತ್ತಾನೆ ಕೃಷ್ಣ. ನನ್ನ ತರಗತಿಯಲ್ಲಿ ಸಿರಿವಂತರ ಮನೆಯವರು ಯಾರೂ ಇಲ್ಲ. ಪೀಣ್ಯದ ಲೇತ್ ಆಪರೇಟರ್‌ಗಳ, ಗಾರ್ಮೆಂಟ್ಸಿನ ಟೈಲರ್‌ಗಳ ಮಕ್ಕಳು. ನನ್ನ ತಕರಾರು ಅದಲ್ಲ. ಚುರುಕಾದವನ ಹೆಸರಿಗೆ ಪುಣ್ಯ ಬರೆದ ಕೂಡಲೇ, ಪಕ್ಕದ ಬೆಂಚಿನ ನಿಧಾನದ ಹುಡುಗಿಯ ಹೆಸರಿಗೆ ಪಾಪವೂ ತಾನಾಗಿ ಬರೆದುಹೋಗುತ್ತದೆ. ಅದನ್ನು ನಂಬಿಕೊಂಡು ನಾನು ಪಾಠ ಮಾಡಲಾರೆ.

ಅಷ್ಟಕ್ಕೂ ಬುದ್ಧಿಯನ್ನು ನಾವು ಗುರುತಿಸುವುದು ವೇಗದಿಂದ. ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಎಲ್ಲರಿಗೂ ಗೊತ್ತು. ಸರ್ಕಸ್ಸಿನಲ್ಲಿದ್ದ ತಂದೆಯ ಜತೆ ಊರೂರು ಸುತ್ತಿ ಪ್ರದರ್ಶನ ಕೊಟ್ಟ ಆ ಮಗುವಿಗೆ ಕ್ರಮವಾದ ಶಾಲೆಯೇ ಸಿಗಲಿಲ್ಲ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಚಪ್ಪಾಳೆ ಬೇಕಾದಷ್ಟು ಸಿಕ್ಕಿತು. "ಅದು ಹೆಂಗೆ?" ಎಂದು ಪಕ್ಕದಲ್ಲಿ ಕೂತು ಕೆಣಕುವ ಸಹಪಾಠಿ ಸಿಗಲಿಲ್ಲ.

ನಮ್ಮ ತರಗತಿಯೂ ಸಣ್ಣ ಪ್ರಮಾಣದ ಪ್ರದರ್ಶನವೇ. ಪ್ರಶ್ನೆ ಕೇಳಿದ ಮೇಲೆ ಮೇಷ್ಟರುಗಳು ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ತೋರಿಸಿಕೊಟ್ಟರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವಂತೆ, ಸುಮ್ಮನಿರುತ್ತಿದ್ದವರೂ ಬಾಯಿ ಬಿಡುತ್ತಾರಂತೆ. ಮೂರು ಸೆಕೆಂಡಿಗೇ ಇಷ್ಟಾದರೆ ಒಂದಿಡೀ ರಾತ್ರಿ ಕೊಟ್ಟರೆ?

ವಿಡಿಯೋ ಚರ್ಚೆ ಕೊಡುವುದು ಆ ರಾತ್ರಿಯನ್ನು. ನಾನು ಪ್ರಶ್ನೆ ಹಾಕುತ್ತೇನೆ. ಮಕ್ಕಳು ಮನೆಯಲ್ಲಿ ಒಂದೂವರೆ ನಿಮಿಷದೊಳಗೆ ಉತ್ತರ ರೆಕಾರ್ಡ್ ಮಾಡಿ ಹಾಕುತ್ತಾರೆ, ಒಬ್ಬರದನ್ನೊಬ್ಬರು ನೋಡಿ ವಿಡಿಯೋದಲ್ಲೇ ಮಾತು ಮುಂದುವರಿಸುತ್ತಾರೆ. ಇದಕ್ಕೆಂದೇ ಫ್ಲಿಪ್‌ಗ್ರಿಡ್ ಎಂಬುದಿತ್ತು. ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅದನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2024ರಲ್ಲಿ ಪ್ರತ್ಯೇಕ ಆ್ಯಪ್ ನಿಲ್ಲಿಸಿ ಟೀಮ್ಸ್ ಒಳಗೆ ಸೇರಿಸಿತು. ನಮಗೆ ವಾಟ್ಸಾಪ್ ಗುಂಪೇ ಸಾಕಾಗಿದೆ. ಫೋನು ಅಮ್ಮನದು, ಅವರು ಶಿಫ್ಟ್ ಮುಗಿಸಿ ಬಂದ ಮೇಲೆ ಕೈಗೆ ಸಿಗುವಂಥದ್ದು. ಮುಖ ತೋರಿಸಲು ಕೆಲವು ಹುಡುಗಿಯರಿಗೆ ಮನೆಯಲ್ಲಿ ಒಪ್ಪಿಗೆಯಿಲ್ಲ; ಕ್ಯಾಮೆರಾ ನೋಟ್‌ಬುಕ್ಕಿನ ಮೇಲಿರಲಿ ಅಂದಿದ್ದೇನೆ. ಗಣಿತಕ್ಕೆ ಮುಖ ಬೇಕಾಗಿಯೂ ಇಲ್ಲ.

ನಿಯಮ ಒಂದೇ, ನಮ್ಮ ಶಾಸ್ತ್ರಕಾರರಿಂದ ಎತ್ತಿಕೊಂಡದ್ದು: ಮೊದಲು ಪೂರ್ವಪಕ್ಷ. ಇನ್ನೊಬ್ಬರ ದಾರಿಯನ್ನು, ಅವರೇ "ಹೂಂ, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಹೇಳಬೇಕು. ಆಮೇಲೆ ನಿನ್ನ ಮಾತು.

ಒಮ್ಮೆ, ಮೊದಲ ನೂರು ಬೆಸ ಸಂಖ್ಯೆಗಳನ್ನು ಕೂಡಿದರೆ ಎಷ್ಟು, ಯಾಕೆ ಎಂದು ಕೇಳಿದ್ದೆ. ತರಗತಿಯಲ್ಲಿ ಯಾವಾಗಲೂ ಮೊದಲು ಕೈ ಎತ್ತುವ ಹುಡುಗ ಸೂತ್ರ ಹಾಕಿ 10,000 ಅಂದ. ಸರಿಯೇ. ರಾತ್ರಿ ಹತ್ತರ ಮೇಲೆ, ಕ್ಲಾಸಿನಲ್ಲಿ ಮಾತೇ ಆಡದ ಹುಡುಗಿಯ ವಿಡಿಯೋ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ನೆಲದ ಮೇಲೆ ರಂಗೋಲಿ ಚುಕ್ಕಿ. ಒಂದು ಚುಕ್ಕಿ, ಅದರ ಪಕ್ಕ ಮತ್ತು ಮೇಲೆ ಸೇರಿ ಮೂರು ಇಟ್ಟರೆ ಎರಡೆರಡರ ಚೌಕ, ಅದನ್ನು ಬಳಸಿ ಐದು ಇಟ್ಟರೆ ಮೂರು ಮೂರರದು. "ಎರಡು ಕಡೆ ಸಮ ಸಾಲು, ಮೂಲೆಗೆ ಒಂದು. ಅದಕ್ಕೇ ಬೆಸ ಬರೋದು ಮಿಸ್."

ಹುಡುಗ ನಿಯಮದಂತೆ ಅವಳ ದಾರಿಯನ್ನು ಹೇಳಲು ಹೊರಟ. ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ ಎಂದು ಆಮೇಲೆ ಅವನೇ ಹೇಳಿದ. ಉತ್ತರ ಎಷ್ಟೆಂದು ಅವನಿಗೆ ಗೊತ್ತಿತ್ತು, ಅದು ಚೌಕವೇ ಯಾಕಾಗಬೇಕು ಎಂಬುದು ಅವಳಿಗೆ ಕಂಡಿತ್ತು. ಕೊನೆಗೆ ಹಾಕಿದ ವಿಡಿಯೋದಲ್ಲಿ ಅವಳ ಮಾತನ್ನು ಪೂರ್ತಿ ಹೇಳಿ, ಒಂದು ಪ್ರಶ್ನೆ ಸೇರಿಸಿದ್ದ: "ಚೌಕದ ಬದಲು ಘನ ಕಟ್ಟಿದ್ರೆ ಎಷ್ಟೆಷ್ಟು ಸೇರಿಸಬೇಕು?" 1, 7, 19, 37 ಎಂದು ತಾನೇ ಲೆಕ್ಕ ಹಾಕಿಯೂ ಇದ್ದ.

ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಎರಡಾಗಿ ನೋಡುತ್ತಾನೆ: ಕಟ್ಟುವ ಕವಿಯದು ಕಾರಯಿತ್ರೀ, ಸವಿದು ತಿಳಿಯುವವನದು ಭಾವಯಿತ್ರೀ. ಎರಡನೆಯದನ್ನೂ ಪ್ರತಿಭೆ ಎಂದೇ ಕರೆದದ್ದು ಅವನ ದೊಡ್ಡತನ. ನಮ್ಮ ಪರೀಕ್ಷೆಗಳಲ್ಲಿ ಅದಕ್ಕೆ ಅಂಕವಿಲ್ಲ. ಆ ರಾತ್ರಿ ಹೊಸ ಪ್ರಶ್ನೆ ಹುಟ್ಟಿದ್ದು ಹುಡುಗನ ತಲೆಯಲ್ಲಿ, ನಿಜ; ಆದರೆ ಅವಳ ಚುಕ್ಕಿಗಳನ್ನು ಅವನು ಗಮನವಿಟ್ಟು ನೋಡದಿದ್ದರೆ ಅದು ಹುಟ್ಟುತ್ತಿರಲಿಲ್ಲ. ಅದು ಯಾರ ಪುಣ್ಯ ಎಂದು ಹಂಚಿ ಬರೆಯಲು ನನಗಂತೂ ಬರುವುದಿಲ್ಲ. ಗಂಗಮ್ಮನ ಪಕ್ಷದ ತಾಯಂದಿರೇ ನಿಜಕ್ಕೆ ಹೆಚ್ಚು ಹತ್ತಿರ ಎಂದು ನನಗನ್ನಿಸುವುದು ಇದರಿಂದ.

ಹುಡುಗನ ತಂದೆ ಮೀಟಿಂಗಿಗೆ ಬಂದಾಗ ನೇರವಾಗಿಯೇ ಕೇಳಿದರು: "ಬೇರೆಯವರ ವಿಡಿಯೋ ನೋಡ್ಕೊಂಡು ಕೂತ್ರೆ ನಮ್ಮ ಹುಡುಗನ ಟೈಮ್ ಹಾಳಲ್ವಾ ಮೇಡಂ?" ನ್ಯಾಯವಾದ ಪ್ರಶ್ನೆ. ಪ್ರಸಾದ ಹಂಚಬೇಕು ಎಂಬ ನೆಪದಲ್ಲಿ ಚುರುಕು ಮಕ್ಕಳನ್ನು ಬಿಟ್ಟಿ ಮೇಷ್ಟರನ್ನಾಗಿಸುವ ಚಾಳಿ ಶಾಲೆಗಳಿಗೆ ಇದ್ದೇ ಇದೆ. ಇಂಥ ಮಕ್ಕಳಿಗೆ ಪಠ್ಯದಾಚೆಗೂ ಪ್ರೋತ್ಸಾಹ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅವನಿಗೂ ಹಸಿವಿದೆ, ಅದು ಮೊದಲು ತೀರಬೇಕು. ವಾದ ಮಾಡುವ ಬದಲು ಅವರ ಕೈಗೆ ಫೋನ್ ಕೊಟ್ಟೆ. ಮಗನ ವಿಡಿಯೋ ನೋಡಿದರು, ಹಿಂದಕ್ಕೆ ಸರಿಸಿ ಹುಡುಗಿಯದನ್ನೂ ನೋಡಿದರು. ದಿನವೆಲ್ಲ ಲೋಹ ಕೊರೆಯುವ ಮನುಷ್ಯ. ಮೇಜಿನ ಮೇಲಿದ್ದ ಚಾಕ್ ಡಬ್ಬಿಯ ಮೂರು ಬದಿಗೆ ಬೆರಳಾಡಿಸಿ ಕೇಳಿದರು: "ಮೂರು ಮುಖಕ್ಕೆ ಒಂದೊಂದು ಪದರ, ಮೂರು ಅಂಚಿಗೆ ಒಂದೊಂದು ಸಾಲು, ಮೂಲೆಗೆ ಒಂದು. ಅಷ್ಟೇ ತಾನೇ?"

ಅದನ್ನೇ ರೆಕಾರ್ಡ್ ಮಾಡಿ ಗುಂಪಿಗೆ ಹಾಕಿ ಅಂದೆ.