ಇಂದಿನ ಚಿಂತನೆ: ಪಾಪವೆಂದು ನಂಬಿಯೇ ಸರಿಯಾದದ್ದನ್ನು ಮಾಡಿದ ಹುಡುಗ



ಮನಸ್ಸಾಕ್ಷಿ ಹೇಳಿದಂತೆ ನಡೆ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಒಳ್ಳೆಯ ಮಾತೇ. ಆದರೆ ಆ ಮನಸ್ಸಾಕ್ಷಿಯೇ ತಪ್ಪು ಹೇಳಿದರೆ? ಕೆಟ್ಟದ್ದನ್ನು ಮಾಡುವಾಗ ಸುಮ್ಮನಿದ್ದು, ಒಳ್ಳೆಯದನ್ನು ಮಾಡುವಾಗ ಚುಚ್ಚಿದರೆ? ಆಗ ಯಾರ ಮಾತು ಕೇಳಬೇಕು? ಈ ಪ್ರಶ್ನೆಯನ್ನು ಇಂದು ಒಂದು ಅಮೆರಿಕನ್ ಕಾದಂಬರಿಯ ಮೂಲಕ ನೋಡೋಣ.

ಮಾರ್ಕ್ ಟ್ವೈನ್ ಬರೆದ 'ಹಕಲ್‌ಬೆರಿ ಫಿನ್' ಅಮೆರಿಕದಲ್ಲಿ ಪ್ರಕಟವಾದದ್ದು 1885ರಲ್ಲಿ. ಅಷ್ಟರಲ್ಲಿ ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು 20 ವರ್ಷವಾಗಿತ್ತು. ಆದರೆ ಕಥೆ ನಡೆಯುವುದು ಅದಕ್ಕೂ ಹಿಂದೆ, ಮಿಸಿಸಿಪ್ಪಿ ನದಿಯ ದಡದ ಒಂದು ಪುಟ್ಟ ಊರಿನಲ್ಲಿ. ಆಗ ಕಪ್ಪು ಜನರನ್ನು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಓಡಿಹೋದ ಗುಲಾಮನಿಗೆ ನೆರವಾಗುವುದು ಅಪರಾಧವಾಗಿತ್ತು. ಊರಿನವರ ಕಣ್ಣಿನಲ್ಲಿ ಅದು ಪಾಪವೂ ಆಗಿತ್ತು.

ಕಥಾನಾಯಕ ಹಕ್ ಸುಮಾರು 13–14 ವರ್ಷದ ಪೋಲಿ ಹುಡುಗ. ತಂದೆ ಕುಡುಕ. ಊರಿನ ಒಬ್ಬ ವಿಧವೆ ಇವನನ್ನು ಸಾಕಿ, ತಿದ್ದಿ, ಮರ್ಯಾದಸ್ಥನನ್ನಾಗಿ ಮಾಡಲು ಹೊರಟಿದ್ದಾಳೆ. ಅವಳ ತಂಗಿ ಮಿಸ್ ವಾಟ್ಸನ್ ಇವನಿಗೆ ಅಕ್ಷರ ಕಲಿಸುತ್ತಾಳೆ, ಸ್ವರ್ಗ ನರಕಗಳ ಪಾಠ ಹೇಳುತ್ತಾಳೆ. ರಾತ್ರಿ ಮನೆಯ ಗುಲಾಮರನ್ನೆಲ್ಲ ಒಳಗೆ ಕರೆದು ಪ್ರಾರ್ಥನೆ ಮಾಡಿಸುತ್ತಾರೆ. ಪ್ರಾರ್ಥನೆಗೆ ಕೂರುವ ಜಿಮ್ ಎಂಬ ಗುಲಾಮನನ್ನು ದೂರದ ನ್ಯೂ ಆರ್ಲಿಯನ್ಸ್‌ಗೆ ಮಾರಿದರೆ 800 ಡಾಲರ್ ಸಿಗುತ್ತದೆ ಎಂದಾಗ ಅದೇ ಮಿಸ್ ವಾಟ್ಸನ್ ಮನಸ್ಸು ಕರಗುತ್ತದೆ, ಹಣದ ಕಡೆಗೆ. ಅದನ್ನು ಕೇಳಿಸಿಕೊಂಡ ಜಿಮ್ ಓಡಿಹೋಗುತ್ತಾನೆ. ತಂದೆಯ ಹೊಡೆತ ತಾಳದೆ ಹಕ್ ಕೂಡ ಓಡಿಹೋಗಿರುತ್ತಾನೆ. ಇಬ್ಬರೂ ಒಂದು ತೆಪ್ಪದ ಮೇಲೆ ನದಿಯಲ್ಲಿ ಸಾಗುತ್ತಾರೆ.

ಗಮನಿಸಿ, ಇಲ್ಲಿ ಯಾರೂ ರಾಕ್ಷಸರಲ್ಲ. ಮಿಸ್ ವಾಟ್ಸನ್ ನಿತ್ಯ ಪ್ರಾರ್ಥನೆ ಮಾಡುವ ಹೆಂಗಸು. ಸ್ವತಃ ಟ್ವೈನ್ ಬೆಳೆದ ಮನೆಯಲ್ಲೂ ಗುಲಾಮರಿದ್ದರು. ತಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಇದರಲ್ಲಿ ತಪ್ಪೇನಾದರೂ ಇದೆಯೆಂದು ತನಗೆ ಹೊಳೆದೇ ಇರಲಿಲ್ಲ, ದೇವರು ಇದನ್ನು ಒಪ್ಪಿದ್ದಾನೆಂದೇ ಚರ್ಚಿನಲ್ಲಿ ಹೇಳುತ್ತಿದ್ದರು ಎಂದು ಆತ ಮುಂದೆ ಬರೆದುಕೊಂಡಿದ್ದಾನೆ. ಕಾದಂಬರಿಯ ಟೀಕೆ ಇರುವುದು ಇಲ್ಲಿಯೇ. ಕೆಟ್ಟವರು ಕೆಟ್ಟದ್ದನ್ನು ಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಒಳ್ಳೆಯವರು ನೆಮ್ಮದಿಯಿಂದ ಕೆಟ್ಟದ್ದನ್ನು ಮಾಡುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ.

ಒಮ್ಮೆ ಜಿಮ್ ತನ್ನ ಆಸೆ ಹೇಳಿಕೊಳ್ಳುತ್ತಾನೆ. ಸ್ವತಂತ್ರ ರಾಜ್ಯ ತಲುಪಿ, ದುಡಿದು, ಹಣ ಕೂಡಿಟ್ಟು ಹೆಂಡತಿಯನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಇಬ್ಬರೂ ದುಡಿದು ಎರಡು ಮಕ್ಕಳನ್ನು ಕೊಂಡುಕೊಳ್ಳಬೇಕು. ಒಡೆಯ ಮಾರದಿದ್ದರೆ ಯಾರ ನೆರವಿನಿಂದಲಾದರೂ ಕದ್ದು ತರಬೇಕು. ಇದನ್ನು ಕೇಳಿ ಹಕ್‌ಗೆ ದಿಗಿಲಾಗುತ್ತದೆ. ತನಗೆ ಏನೂ ಕೇಡು ಮಾಡದ ಯಾರೋ ಒಬ್ಬ ಒಡೆಯನ ಆಸ್ತಿಯನ್ನು ಇವನು ಕದಿಯುತ್ತಾನಲ್ಲ, ಅದಕ್ಕೆ ನಾನು ದಾರಿ ಮಾಡಿಕೊಡುತ್ತಿದ್ದೇನಲ್ಲ ಎಂದು ಅವನ ಮನಸ್ಸಾಕ್ಷಿ ಚುಚ್ಚುತ್ತದೆ. ಆ 'ಆಸ್ತಿ' ಜಿಮ್‌ನ ಸ್ವಂತ ಮಕ್ಕಳು! ತಂದೆ ತನ್ನ ಮಕ್ಕಳನ್ನು ಬಯಸುವುದು ಕಳ್ಳತನದಂತೆ ಕಾಣುತ್ತದೆ. ಮಕ್ಕಳನ್ನು ತಂದೆಯಿಂದ ಕಿತ್ತುಕೊಂಡದ್ದು ಕಳ್ಳತನದಂತೆ ಕಾಣುವುದಿಲ್ಲ.

ಕೊನೆಗೆ ಪರೀಕ್ಷೆಯ ಗಳಿಗೆ ಬರುತ್ತದೆ. ಜೊತೆಗಿದ್ದ ಇಬ್ಬರು ಮೋಸಗಾರರು 40 ಡಾಲರ್ ಆಸೆಗೆ ಜಿಮ್‌ನನ್ನು ಹಿಡಿದುಕೊಡುತ್ತಾರೆ. ಹಕ್ ಮಿಸ್ ವಾಟ್ಸನ್‌ಗೆ ಪತ್ರ ಬರೆಯುತ್ತಾನೆ: ನಿಮ್ಮ ಗುಲಾಮ ಇಂಥಲ್ಲಿದ್ದಾನೆ ಎಂದು. ಬರೆದ ಕೂಡಲೇ ಅವನ ಮನಸ್ಸು ಹಗುರವಾಗುತ್ತದೆ, ಪಾಪವೆಲ್ಲ ತೊಳೆದುಹೋದಂತೆ ಅನಿಸುತ್ತದೆ. ಆಮೇಲೆ ಸುಮ್ಮನೆ ಕುಳಿತು ಜಿಮ್‌ನನ್ನು ನೆನೆಯುತ್ತಾನೆ. ಹಗಲು ರಾತ್ರಿ ತೆಪ್ಪದ ಮೇಲೆ ಮಾತಾಡಿದ್ದು, ಹಾಡಿದ್ದು, ನಕ್ಕಿದ್ದು. ಇವನು ಮಲಗಿರಲಿ ಎಂದು ಇವನ ಸರದಿಯ ಕಾವಲನ್ನೂ ಜಿಮ್ ತಾನೇ ಕಾದದ್ದು. ಪತ್ರ ಕೈಯಲ್ಲಿ ನಡುಗುತ್ತದೆ. ನರಕಕ್ಕೆ ಹೋದರೂ ಸರಿಯೇ ಎಂದುಕೊಂಡು ಅದನ್ನು ಹರಿದು ಹಾಕುತ್ತಾನೆ.

ಅವನು ನಿಜವಾಗಿಯೂ ನರಕವನ್ನು ನಂಬಿದ್ದ ಹುಡುಗ. ನಾನು ಮಾಡುತ್ತಿರುವುದೇ ಸರಿ ಎಂಬ ಹೆಮ್ಮೆ ಅವನಿಗಿರಲಿಲ್ಲ. ತಾನು ಕೆಟ್ಟವನಾಗಿಬಿಟ್ಟೆ ಎಂದುಕೊಂಡೇ ಅವನು ಗೆಳೆಯನ ಪಕ್ಕ ನಿಂತ. ಸದೃಢವಾದ ಹೃದಯ ಮತ್ತು ವಿಕಾರಗೊಂಡ ಮನಸ್ಸಾಕ್ಷಿ ಡಿಕ್ಕಿ ಹೊಡೆದು ಮನಸ್ಸಾಕ್ಷಿ ಸೋತ ಕಥೆ ಇದು ಎಂಬ ಅರ್ಥದಲ್ಲಿ ಟ್ವೈನ್ ತನ್ನ ಟಿಪ್ಪಣಿಯಲ್ಲಿ ಬರೆದಿದ್ದಾನೆ.

ಹಾಗಾದರೆ ಸಮಾಜವನ್ನು ಧಿಕ್ಕರಿಸುವುದೇ ದೊಡ್ಡ ಗುಣವೇ? ಅಲ್ಲ. ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಬಂಡುಕೋರನಿದ್ದಾನೆ: ಹಕ್‌ನ ಕುಡುಕ ತಂದೆ. ಅವನೂ ಕಾನೂನನ್ನು ಬೈಯುತ್ತಾನೆ, ಸರ್ಕಾರವನ್ನು ಬೈಯುತ್ತಾನೆ. ಒಬ್ಬ ಕಪ್ಪು ಮನುಷ್ಯ ಓದಿ ಪ್ರಾಧ್ಯಾಪಕನಾಗಿದ್ದಾನೆ, ತನ್ನ ರಾಜ್ಯದಲ್ಲಿ ಮತ ಹಾಕಬಲ್ಲ ಎಂದು ತಿಳಿದು ಹೊಟ್ಟೆ ಉರಿದುಕೊಳ್ಳುತ್ತಾನೆ. ತಂದೆಯ ಬಂಡಾಯದ ಬೇರು ದ್ವೇಷ ಮತ್ತು ಅಹಂಕಾರ. ಮಗನ ಬಂಡಾಯದ ಬೇರು ಮೈತ್ರಿ. ಹೊರಗಿನಿಂದ ಇಬ್ಬರೂ ಊರು ಬಿಟ್ಟವರೇ. ಆದರೆ ಭಗವಾನರು ಚೇತನವನ್ನೇ, ಅಂದರೆ ಸಂಕಲ್ಪವನ್ನೇ ಕಮ್ಮ ಎಂದರು. ಬೇರು ನೋಡದೆ ಬಂಡಾಯವನ್ನು ಹೊಗಳಬಾರದು, ತೆಗಳಲೂಬಾರದು.

ಈಗ ಇನ್ನೂ ಕಷ್ಟದ ಪ್ರಶ್ನೆ. ಮನಸ್ಸಾಕ್ಷಿಯನ್ನು ನಂಬಬೇಡ, ಹೃದಯವನ್ನು ನಂಬು ಎಂದರೆ ಸಾಕೇ? ಪತ್ರ ಹರಿದ ಸ್ವಲ್ಪ ಹೊತ್ತಿಗೇ ಹಕ್ ಒಂದು ಮನೆಗೆ ಹೋಗಿ, ಹಡಗಿನಲ್ಲಿ ಸ್ಫೋಟವಾಯಿತು ಎಂದು ಒಂದು ಸುಳ್ಳು ಕಥೆ ಕಟ್ಟುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಆ ಮನೆಯ ಹೆಂಗಸು ಕೇಳುತ್ತಾಳೆ. ಇಲ್ಲ, ಒಬ್ಬ ಕಪ್ಪು ಮನುಷ್ಯ ಸತ್ತ ಅಷ್ಟೆ ಎನ್ನುತ್ತಾನೆ. ಸದ್ಯ, ಕೆಲವೊಮ್ಮೆ ಜನರಿಗೆ ಪೆಟ್ಟಾಗುತ್ತದೆ ಎಂದು ಅವಳು ಸಮಾಧಾನಪಡುತ್ತಾಳೆ. ಪ್ರೀತಿಯಿಂದ ಉಣಿಸುವ ಹೆಂಗಸು ಅವಳು! ಹಕ್ ಕೂಡ ಅದೇ ಭಾಷೆಯಲ್ಲೇ ಮಾತಾಡುತ್ತಾನೆ. ಕಾದಂಬರಿಯ ಕೊನೆಯಲ್ಲಿ ಗೆಳೆಯ ಟಾಮ್‌ನ ಸಾಹಸದ ಆಟಕ್ಕಾಗಿ ಜಿಮ್ ಸೆರೆಯಲ್ಲಿ ವಾರಗಟ್ಟಲೆ ಪಾಡುಪಡುವಾಗಲೂ ಹಕ್ ಅದಕ್ಕೆ ಹೂಂಗುಟ್ಟುತ್ತಾನೆ. ಜಿಮ್ ಒಬ್ಬನ ಮೇಲೆ ಅವನಿಗೆ ಕರುಣೆ ಹುಟ್ಟಿತು. ಗುಲಾಮಗಿರಿಯೇ ತಪ್ಪು ಎಂಬ ತಿಳಿವು ಹುಟ್ಟಲಿಲ್ಲ.

ಕರುಣೆಗೆ ಪ್ರಜ್ಞೆಯೂ ಜೊತೆಯಾಗಬೇಕು ಎಂದು ಧಮ್ಮ ಹೇಳುವುದು ಇದಕ್ಕೇ. ಕರುಣೆ ಮಾತ್ರ ಇದ್ದರೆ ನಮಗೆ ಪರಿಚಯವಿರುವ ಒಬ್ಬರನ್ನು ಉಳಿಸುತ್ತೇವೆ, ಪರಿಚಯವಿಲ್ಲದ ಸಾವಿರ ಜನರನ್ನು ಮರೆಯುತ್ತೇವೆ.

ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ನೆನೆಯಿರಿ. ಪರಂಪರೆಯಿಂದ ಬಂದಿದೆ ಎಂದು, ಗ್ರಂಥದಲ್ಲಿದೆ ಎಂದು, ಗುರು ಹೇಳಿದರು ಎಂದು ಮಾತ್ರಕ್ಕೆ ಒಪ್ಪಬೇಡಿ ಎಂದರು. ಇಷ್ಟು ನಮಗೆಲ್ಲ ನೆನಪಿರುತ್ತದೆ. ಆದರೆ ಅದೇ ಪಟ್ಟಿಯಲ್ಲಿ, ನಮ್ಮ ಅಭಿಪ್ರಾಯಕ್ಕೆ ಹೊಂದುತ್ತದೆ ಎಂದು ಮಾತ್ರಕ್ಕೂ ಒಪ್ಪಬೇಡಿ ಎಂದಿದೆ. ನನಗೆ ಸರಿ ಅನಿಸಿತು ಎಂಬುದೂ ಸಾಲದು, ನನಗೆ ತಪ್ಪು ಅನಿಸಿತು ಎಂಬುದೂ ಸಾಲದು. ಇದು ಲೋಭದಿಂದ, ದ್ವೇಷದಿಂದ, ಮೋಹದಿಂದ ಹುಟ್ಟಿದ್ದೇ? ಇದರಿಂದ ಯಾರಿಗೆ ನೋವಾಗುತ್ತದೆ? ತಿಳಿದವರು ಇದನ್ನು ನಿಂದಿಸುತ್ತಾರೆಯೇ? ಹೀಗೆ ಕೇಳಿ, ನೀವೇ ಕಂಡುಕೊಳ್ಳಿ ಎಂದರು.

ಹಿರಿ, ಒತ್ತಪ್ಪ ಎಂಬ ಎರಡು ಗುಣಗಳು ಲೋಕವನ್ನು ಕಾಯುತ್ತವೆ ಎಂದೂ ಅವರು ಹೇಳಿದ್ದಾರೆ. ಕೆಡುಕು ಮಾಡಲು ನಾಚುವುದು ಹಿರಿ, ಕೆಡುಕಿನ ಫಲಕ್ಕೆ ಅಂಜುವುದು ಒತ್ತಪ್ಪ. 'ಜನ ಏನೆಂದಾರು' ಎಂಬ ಭಯವನ್ನು ನಾವು ಎಷ್ಟೋ ಸಲ ಇವೇ ಎಂದು ತಿಳಿಯುತ್ತೇವೆ. ಹಕ್‌ನನ್ನು ಚುಚ್ಚಿದ್ದು ಆ ಭಯ. ಒಮ್ಮೆ ಮಾತ್ರ ಅವನಲ್ಲಿ ನಿಜವಾದ ಹಿರಿ ಕಾಣುತ್ತದೆ. ಮಂಜಿನ ರಾತ್ರಿ ಜಿಮ್‌ನಿಂದ ಬೇರಾಗಿ ಮತ್ತೆ ಸಿಕ್ಕಾಗ, ಅದೆಲ್ಲ ನಿನ್ನ ಕನಸು ಎಂದು ತಮಾಷೆಗೆ ಸುಳ್ಳು ಹೇಳುತ್ತಾನೆ. ನಿನಗಾಗಿ ಎದೆ ಒಡೆದುಕೊಂಡಿದ್ದವನನ್ನು ಹೀಗೆ ಗೇಲಿ ಮಾಡುವುದೇ ಎಂದು ಜಿಮ್ ನೊಂದುಕೊಂಡಾಗ, ಹದಿನೈದು ನಿಮಿಷ ಒಳಗೇ ಹೋರಾಡಿ ಹೋಗಿ ಕ್ಷಮೆ ಕೇಳುತ್ತಾನೆ. ಒಬ್ಬ ಬಿಳಿಯ ಹುಡುಗ ಗುಲಾಮನ ಮುಂದೆ ತಲೆ ತಗ್ಗಿಸುವುದು ಆ ಸಮಾಜದಲ್ಲಿ ನಾಚಿಕೆಗೇಡು. ಆದರೆ ಅದಕ್ಕಾಗಿ ತಾನು ಎಂದೂ ಮರುಗಲಿಲ್ಲ ಎನ್ನುತ್ತಾನೆ.

ಇದು ದೂರದ ಅಮೆರಿಕದ ಕಥೆ ಮಾತ್ರವಲ್ಲ. ಬಾಬಾಸಾಹೇಬರು 1946ರಲ್ಲಿ ಅಲ್ಲಿನ ಕಪ್ಪು ಜನರ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಇಬ್ಬರ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಹೇಳಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, 1936ರ 'ಜಾತಿ ವಿನಾಶ'ದಲ್ಲಿ, ಜನರು ಜಾತಿಯನ್ನು ಪಾಲಿಸುವುದು ಕ್ರೂರಿಗಳಾಗಿರುವುದರಿಂದಲ್ಲ, ಅದನ್ನೇ ಧರ್ಮವೆಂದು ನಂಬಿರುವುದರಿಂದ ಎಂದು ವಾದಿಸಿದ್ದರು. ಮಿಸ್ ವಾಟ್ಸನ್‌ಳ ಪ್ರಾರ್ಥನೆಯ ಪಕ್ಕ ಈ ಮಾತನ್ನಿಟ್ಟು ನೋಡಿ. ಬೇರೆ ಲೋಟ ಇಡುವ ಅಜ್ಜಿ, ಮನೆ ಬಾಡಿಗೆಗೆ ಕೊಡುವ ಮುಂಚೆ 'ನೀವು ಯಾವ ಜನ' ಎಂದು ಕೇಳುವ ಮಾಲೀಕರು, ಮಗಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಊಟ ಬಿಡುವ ತಂದೆ: ಇವರಲ್ಲಿ ಎಷ್ಟೋ ಮಂದಿ ಕೆಟ್ಟವರಲ್ಲ. ಅವರ ಮನಸ್ಸಾಕ್ಷಿ ಕೆಲಸ ಮಾಡುತ್ತಿದೆ, ಕಲಿಸಿದಂತೆ ಕೆಲಸ ಮಾಡುತ್ತಿದೆ. ಅದನ್ನು ಕಲಿಸಿದವರು ಯಾರು ಎಂದು ಕೇಳುವುದೇ ಮೊದಲ ಹೆಜ್ಜೆ.

1885ರಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಊರಿನ ಗ್ರಂಥಾಲಯ ಈ ಪುಸ್ತಕವನ್ನು ಒರಟು, ಅಸಭ್ಯ ಎಂದು ಹೊರಗಿಟ್ಟಿತು. ಇಂದು ಬೇರೆ ಕಾರಣಕ್ಕೆ ತಕರಾರಿದೆ. ಕಪ್ಪು ಜನರನ್ನು ಹೀನಾಯಿಸುವ ಪದ ಅದರಲ್ಲಿ 200ಕ್ಕೂ ಹೆಚ್ಚು ಬಾರಿ ಬರುತ್ತದೆ. ಜಾತಿ ಹೆಸರಿನ ಬೈಗುಳ ಕೇಳಿದವರಿಗೆ ಆ ನೋವು ಏನೆಂದು ಹೇಳಬೇಕಾಗಿಲ್ಲ. ಆ ನೋವನ್ನು ಮರೆಯದೆಯೇ ಈ ಪುಸ್ತಕವನ್ನು ಓದಬೇಕು.

*ಇಂದಿನ ಅಭ್ಯಾಸ:* ಇಂದು ಯಾವುದಾದರೂ ಒಂದು ಗಳಿಗೆಯಲ್ಲಿ 'ಛೇ, ಹೀಗೆ ಮಾಡಬಾರದಿತ್ತು' ಅನಿಸಿದರೆ, ಒಂದು ನಿಮಿಷ ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳಿ. ಇದು ಯಾರಿಗಾದರೂ ನೋವು ಕೊಟ್ಟೆನೆಂಬ ಸಂಕಟವೇ, ಇಲ್ಲ ರೂಢಿ ಮುರಿದೆನೆಂಬ ಅಳುಕೇ ಎಂದು ಕೇಳಿಕೊಳ್ಳಿ. ಮೊದಲನೆಯದಾದರೆ ಹೋಗಿ ಕ್ಷಮೆ ಕೇಳಿ. ಎರಡನೆಯದಾದರೆ ಅಳುಕು ಇರಲಿ ಬಿಡಿ, ಹಿಂದೆ ಸರಿಯಬೇಡಿ. ಆಮೇಲೆ ಇನ್ನೊಂದು ಪ್ರಶ್ನೆ: ನನ್ನನ್ನು ಒಂದಿಷ್ಟೂ ಚುಚ್ಚದೆ ನಡೆದುಹೋಗುತ್ತಿರುವ ಯಾವ ಕೆಲಸದಿಂದ ಯಾರಿಗೆ ನೋವಾಗುತ್ತಿದೆ?

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏